ಎರೆ ನೆಲದಲ್ಲಿ ಸೆಪ್ಟಿಕ್ ಟ್ಯಾಂಕ್: ನೀರಿನ ದಾರಿ ಮೊದಲು, ಗುಂಡಿ ಆಮೇಲೆ

ಗಂಗಾವತಿ ತಾಲ್ಲೂಕಿನಲ್ಲಿ ತುಂಗಭದ್ರಾ ಎಡದಂಡೆ ನಾಲೆಯ ನೀರುಣ್ಣುವ ಹಳ್ಳಿಗಳ ಶೌಚದ ಗುಂಡಿಗಳು ಕಾಲುವೆಯ ಲೆಕ್ಕದಲ್ಲಿ ನಡೆಯುತ್ತವೆ. ಬೇಸಿಗೆಯಲ್ಲಿ ಕಾಲುವೆ ನಿಂತಿರುವಾಗ ಗುಂಡಿಗೆ ಯಾವ ತೊಂದರೆಯೂ ಇಲ್ಲ ಎನ್ನಿಸುತ್ತದೆ. ಮುಂಗಾರಿನಲ್ಲಿ ಕಾಲುವೆಗೆ ನೀರು ಬಿಟ್ಟು, ಭತ್ತದ ನಾಟಿ ಮುಗಿದು, ನೆಲವೆಲ್ಲ ನೀರು ಕುಡಿದ ಮೇಲೆ ಅದೇ ಗುಂಡಿ ಕೆಳಗಿನಿಂದ ತುಂಬಿಕೊಳ್ಳುತ್ತದೆ. ಎರಡು ಬಕೆಟ್ ಸುರಿದರೂ ನೀರು ಇಳಿಯುವುದಿಲ್ಲ. ಮನೆಯವರು ಗುಂಡಿಯ ಮೇಲ್ಭಾಗಕ್ಕೆ ಒಂದು ಪೈಪು ಕೂಡಿಸಿ ರಸ್ತೆಬದಿಯ ಚರಂಡಿಗೆ ಬಿಡುತ್ತಾರೆ. ಆ ಚರಂಡಿ ಹೋಗಿ ಸೇರುವುದು ಯಾರದೋ ಗದ್ದೆಯ ಕಾಲುವೆಗೆ.

ನಮ್ಮ ಮನೆಯದೂ ಇದೇ ಕತೆ. ಮನೆ ಕಟ್ಟಿದಾಗ ಹಾಕಿದ್ದು ಸಿಮೆಂಟ್ ರಿಂಗಿನ ಗುಂಡಿ. ಒಂದರ ಮೇಲೊಂದು ರಿಂಗು ಇಳಿಸಿ ಮೇಲೆ ಕಡಪಾ ಕಲ್ಲು ಮುಚ್ಚಿದ್ದರು. ತಳಕ್ಕೆ ಕಾಂಕ್ರೀಟು ಇರಲಿಲ್ಲ. ನಕ್ಷೆಯಲ್ಲಿ ಮಾತ್ರ ಮನೆಯ ಮೂಲೆಗೆ ಒಂದು ಚೌಕ ಬರೆದು 'ಸೆಪ್ಟಿಕ್ ಟ್ಯಾಂಕ್' ಎಂದು ಹೆಸರು ಕೊಟ್ಟಿದ್ದರು. ತಳವಿಲ್ಲದ ಗುಂಡಿ ಸೆಪ್ಟಿಕ್ ಟ್ಯಾಂಕ್ ಅಲ್ಲ. ಸೆಪ್ಟಿಕ್ ಟ್ಯಾಂಕ್ ಎಂದರೆ ಒಂದು ಹನಿಯೂ ಸೋರದ ತೊಟ್ಟಿ. ಗಟ್ಟಿಯಾದದ್ದು ತಳದಲ್ಲಿ ಕೂತು ಕೊಳೆಯಬೇಕು, ಜಿಡ್ಡು ಮೇಲೆ ತೇಲಬೇಕು, ನಡುವಿನ ತಿಳಿ ಮಾತ್ರ ಹೊರಗೆ ಹೋಗಬೇಕು. ಆ ತಿಳಿಯೂ ಶುದ್ಧ ನೀರಲ್ಲ, ರೋಗಾಣುಗಳು ಅದರಲ್ಲಿ ಧಾರಾಳವಾಗಿ ಇರುತ್ತವೆ. ಅದನ್ನು ಮಣ್ಣು ಸೋಸಬೇಕು. ಆದ್ದರಿಂದ ಕೆಲಸ ಎರಡು: ತೊಟ್ಟಿ ಒಂದು, ಮಣ್ಣಿನ ಹಾಸು ಇನ್ನೊಂದು. ನಮ್ಮ ಊರುಗಳಲ್ಲಿ ಎರಡನ್ನೂ ಒಂದೇ ಗುಂಡಿಗೆ ತುರುಕುತ್ತಾರೆ. ಬೋರ್‌ವೆಲ್‌ಗಳು ಕೆಡುವುದು ಅಲ್ಲಿಂದಲೇ.

ನಮ್ಮ ಬೋರ್‌ವೆಲ್ ಆ ಗುಂಡಿಯಿಂದ ಸುಮಾರು 7 ಮೀಟರ್ ದೂರದಲ್ಲಿತ್ತು. ಜಲ ಜೀವನ್ ಮಿಷನ್ ಅಡಿ ಹಳ್ಳಿಗಳಿಗೆ ಕೊಟ್ಟಿರುವ ನೀರು ಪರೀಕ್ಷೆಯ ಕಿಟ್‌ನಲ್ಲಿ ಒಂದು ಪುಟ್ಟ ಸೀಸೆ ಇರುತ್ತದೆ. ಗುರುತಿನವರೆಗೆ ನೀರು ತುಂಬಿ ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಟ್ಟರೆ, ಮಲಮೂಲದ ಬ್ಯಾಕ್ಟೀರಿಯಾ ಇರುವ ನೀರು ಕಪ್ಪಾಗುತ್ತದೆ. ನಮ್ಮದು ಮರುದಿನವೇ ಮಸಿಯಷ್ಟು ಕಪ್ಪಾಯಿತು. ನೀರು ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ಆದರೆ ಅದೇ ಗುಂಡಿಯಿಂದ ಬರುವ ನೈಟ್ರೇಟ್ ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ಇನ್ನೂ ದಟ್ಟವಾಗುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. ಎಳೆಮಕ್ಕಳಿರುವ ಮನೆಯಲ್ಲಿ ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಹೊಸ ಟ್ಯಾಂಕ್ ಕಟ್ಟಬೇಕೆಂದು ತೀರ್ಮಾನಿಸಿದ್ದು ಆ ಸೀಸೆಯನ್ನು ನೋಡಿದ ಮೇಲೆ.

ನಿಯಮ ಏನು ಹೇಳುತ್ತದೆ

ನಿಯಮವೇ ಇಲ್ಲ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ. ಹಳ್ಳಿಯಲ್ಲಿ ಮನೆ ಕಟ್ಟಲು 1993ರ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮದಡಿ ಗ್ರಾಮ ಪಂಚಾಯಿತಿಯ ಅನುಮತಿ ಬೇಕು. ಪಟ್ಟಣದಲ್ಲಾದರೆ 1964ರ ಪುರಸಭೆಗಳ ಅಧಿನಿಯಮ, ಬಳ್ಳಾರಿಯಂಥ ಮಹಾನಗರ ಪಾಲಿಕೆಯಲ್ಲಿ 1976ರ ಅಧಿನಿಯಮ. 1974ರ ಜಲಮಾಲಿನ್ಯ ತಡೆ ಕಾಯ್ದೆಯ 24ನೇ ಕಲಮು ಗೊತ್ತಿದ್ದೂ ಹೊಳೆಗೆ, ಬಾವಿಗೆ ಹೊಲಸು ಬಿಡುವುದನ್ನು ನಿಷೇಧಿಸುತ್ತದೆ. ಟ್ಯಾಂಕ್ ಹೇಗಿರಬೇಕು ಎಂಬುದನ್ನು ಐಎಸ್ 2470 ಎಂಬ ಮಾನಕ ಎರಡು ಭಾಗಗಳಲ್ಲಿ ಬಿಡಿಸಿ ಹೇಳುತ್ತದೆ. ಮೊದಲ ಭಾಗ ತೊಟ್ಟಿಯದು, ಎರಡನೆಯದು ತೊಟ್ಟಿಯಿಂದ ಹೊರಬೀಳುವ ನೀರಿನದು. ಎರಡೂ 1985ರವು.

ಮೇಸ್ತ್ರಿಗಳಿಗೆ ಮೊದಲ ಭಾಗ ಅಷ್ಟಿಷ್ಟು ಗೊತ್ತಿರುತ್ತದೆ. ಎರಡನೆಯ ಭಾಗವನ್ನು ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ. ನನ್ನ ಮಟ್ಟಿಗೆ ಅದೇ ಮುಖ್ಯ. ಇಂಗುವ ಜಾಗ ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ 18 ಮೀಟರ್ ದೂರವಿರಬೇಕು. ಮನೆಯಿಂದ 6 ಮೀಟರ್ ಆದರೂ ಬಿಟ್ಟಿರಬೇಕು. ಮಣ್ಣು ಎಷ್ಟು ಬೇಗ ನೀರು ಕುಡಿಯುತ್ತದೆ ಎಂದು ಅಳೆದೇ ಇಂಗುಗುಂಡಿಯೋ, ಜಲ್ಲಿ ತುಂಬಿ ಪೈಪು ಹಾಸಿದ ಉದ್ದನೆಯ ಇಂಗುಕಾಲುವೆಯೋ, ಮಣ್ಣಿಗೆ ಬಿಡಲೇಬಾರದೋ ಎಂದು ನಿರ್ಧರಿಸಬೇಕು. ಈ ಅಳತೆಗೆ ಬೇಕಾಗುವುದು ಒಂದು ಹಾರೆ, ಒಂದು ಕೊಡ ನೀರು, ಒಂದು ಸ್ಕೇಲು, ಒಂದು ಗಡಿಯಾರ ಮತ್ತು ಒಂದು ರಾತ್ರಿಯ ತಾಳ್ಮೆ.

ಮಣ್ಣಿಗೆ ನೀರು ಕುಡಿಸಿ ನೋಡಿದ್ದು

ಮೇಸ್ತ್ರಿ ಇಂಗುಗುಂಡಿಗೆ ತೋರಿಸಿದ ಜಾಗ ಮನೆಯ ಮುಂದಿನ ಎರೆ, ಅಂದರೆ ಕಪ್ಪು ಜೇಡಿಮಣ್ಣಿನ ನೆಲ. ಟ್ರ್ಯಾಕ್ಟರ್ ಬರುತ್ತದೆ, ಅಗೆಯುವುದು ಸುಲಭ ಎಂಬುದು ಅವರ ಕಾರಣ. ನನ್ನ ಕಣ್ಣಿದ್ದದ್ದು ಹಿತ್ತಲಿನ ಮೇಲೆ. ಹಿಂದೆ ಬಣವೆ ಒಟ್ಟಲು, ದನ ಕಟ್ಟಲು ಹಿತ್ತಲನ್ನು ಗರಸು, ಅಂದರೆ ಸಣ್ಣ ಕಲ್ಲು ಬೆರೆತ ಒರಟು ಮಣ್ಣು, ಹೊಡೆಸಿ ಎತ್ತರಿಸಿದ್ದರು. ಎರಡೂ ಕಡೆ ಒಂದೊಂದು ಚೌಕ ಕುಣಿ ತೋಡಿದೆವು. ಕುಣಿಯ ಅಗಲ ಒಂದು ಅಡಿಯೊಳಗೆ ಇರಬೇಕು, ಆಳ ಇಂಗುಕಾಲುವೆಯ ತಳ ಬರುವಷ್ಟು. ಹಾರೆ ತಿಕ್ಕಿದ ಗೋಡೆ ನುಣುಪಾಗಿ ಮುಚ್ಚಿಕೊಂಡಿರುತ್ತದೆ, ಅದನ್ನು ಚಾಕುವಿನಿಂದ ಕೆರೆದು ಒರಟು ಮಾಡಬೇಕು. ತಳಕ್ಕೆ 5 ಸೆಂಟಿಮೀಟರ್ ದಪ್ಪ ಮರಳು ಹಾಕಬೇಕು, ಇಲ್ಲವಾದರೆ ಸುರಿದ ನೀರು ಮಣ್ಣು ಕದಡಿ ತಳವನ್ನೇ ಮೆತ್ತಿಬಿಡುತ್ತದೆ. ಮರಳಿನ ಮೇಲೆ 30 ಸೆಂಟಿಮೀಟರ್ ನೀರು ತುಂಬಿ ರಾತ್ರಿಯಿಡೀ ನೆನೆಯಲು ಬಿಡಬೇಕು.

ಬೇಸಿಗೆಯ ಎರೆ ಮೋಸ ಮಾಡುವುದು ಇಲ್ಲಿಯೇ. ಮುಂದಿನ ಕುಣಿಗೆ ಸುರಿದ ಮೊದಲ ಕೊಡ ನೀರು ನೋಡನೋಡುತ್ತಲೇ ಮಾಯವಾಯಿತು. ಗೋಡೆಯ ಬಿರುಕುಗಳಲ್ಲಿ ಗುಳುಗುಳು ಎಂದು ಗುಳ್ಳೆ ಎದ್ದವು. 'ನೋಡಿ, ಹೇಗೆ ಕುಡಿಯುತ್ತದೆ, ಇದಕ್ಕಿಂತ ಒಳ್ಳೆಯ ಜಾಗ ಬೇಕೇ?' ಎಂದರು ಮೇಸ್ತ್ರಿ. ಅವರು ಅಷ್ಟು ವರ್ಷಗಳಲ್ಲಿ ಕಂಡದ್ದು ಅಷ್ಟನ್ನೇ, ಏಕೆಂದರೆ ಕಟ್ಟಡದ ಕೆಲಸ ನಡೆಯುವುದು ಬೇಸಿಗೆಯಲ್ಲಿ. ಆದರೆ ಆ ನೀರು ಇಂಗಿದ್ದಲ್ಲ, ಬಿರುಕಿಗೆ ಇಳಿದದ್ದು. ಎರೆಯ ಜೇಡಿ ನೀರು ಕುಡಿದಂತೆ ಉಬ್ಬುತ್ತದೆ, ಉಬ್ಬಿದಂತೆ ಬಿರುಕು ಮುಚ್ಚುತ್ತದೆ. ಮತ್ತೆ ಮತ್ತೆ ತುಂಬಿಸಿ ರಾತ್ರಿ ಬಿಟ್ಟೆವು. ಬೆಳಿಗ್ಗೆ ಬಂದು ನೋಡಿದರೆ ಕುಣಿಯ ಗೋಡೆ ಮೇಣದಂತೆ ನುಣ್ಣಗಾಗಿತ್ತು. ಬೆರಳು ಒತ್ತಿದರೆ ಅಚ್ಚು ಮೂಡುತ್ತಿತ್ತು, ಒಂದು ಬಿರುಕೂ ಕಾಣಲಿಲ್ಲ.

ಬೆಳಿಗ್ಗೆ ನೀರನ್ನು ಮರಳಿನ ಮೇಲೆ 15 ಸೆಂಟಿಮೀಟರಿಗೆ ಸರಿಮಾಡಿ, ಕುಣಿಯ ಬಾಯಿಗೆ ಅಡ್ಡಲಾಗಿ ಒಂದು ಪಟ್ಟಿ ಇಟ್ಟು, ಅಲ್ಲಿಂದ ನೀರಿನ ಮಟ್ಟಕ್ಕೆ ಸ್ಕೇಲು ಹಿಡಿದೆ. 30 ನಿಮಿಷದಲ್ಲಿ ಎರೆಯ ಕುಣಿಯಲ್ಲಿ ನೀರು ಇಳಿದದ್ದು 6 ಮಿಲಿಮೀಟರ್. ಲೆಕ್ಕ ಇರುವುದು 25 ಮಿಲಿಮೀಟರ್ ಇಳಿಯಲು ಎಷ್ಟು ನಿಮಿಷ ಎಂಬುದರ ಮೇಲೆ. ಅಂದರೆ ಇಲ್ಲಿ 125 ನಿಮಿಷ. ಹಿತ್ತಲಿನ ಗರಸಿನ ಕುಣಿಯಲ್ಲಿ 30 ನಿಮಿಷಕ್ಕೆ 19 ಮಿಲಿಮೀಟರ್ ಇಳಿಯಿತು, ಅಂದರೆ 25 ಮಿಲಿಮೀಟರಿಗೆ ಸುಮಾರು 40 ನಿಮಿಷ.

ಮಾನಕದ ಕೋಷ್ಟಕ ಇದನ್ನು ಮೂರು ಮಾಡುತ್ತದೆ. 30 ನಿಮಿಷದೊಳಗೆ ಇದ್ದರೆ ಇಂಗುಗುಂಡಿಯೂ ಆದೀತು, ಇಂಗುಕಾಲುವೆಯೂ ಆದೀತು. 30ರಿಂದ 60 ನಿಮಿಷವಾದರೆ ಇಂಗುಕಾಲುವೆ ಮಾತ್ರ. 60 ದಾಟಿದರೆ ಮಣ್ಣಿಗೆ ಬಿಡಬೇಡಿ, ಜಲ್ಲಿಯ ಶೋಧಕ ಕಟ್ಟಿ ಸೋಸಿದ ನೀರನ್ನು ಗಿಡಗಳಿಗೆ ಬಳಸಿ ಎನ್ನುತ್ತದೆ. ಮೇಸ್ತ್ರಿ ತೋರಿಸಿದ ಜಾಗ 60ರ ಎರಡು ಪಟ್ಟು ದಾಟಿತ್ತು. ನಮ್ಮ ಊರಿನ ಎಷ್ಟು ಇಂಗುಗುಂಡಿಗಳು ಇಂಥ ಜಾಗದಲ್ಲಿ ಕೂತಿವೆ ಎಂದು ಯೋಚಿಸಿದರೆ ಹೊಟ್ಟೆ ತೊಳಸುತ್ತದೆ.

ಕೋಷ್ಟಕಕ್ಕೆ ಇನ್ನೊಂದು ಮಗ್ಗುಲಿದೆ. ಅಂತರ್ಜಲ ನೆಲದಿಂದ 1.8 ಮೀಟರಿನೊಳಗೆ ಬರುವುದಾದರೆ ಇಂಗುಕಾಲುವೆಯನ್ನು ನೆಲದೊಳಗೆ ತೋಡುವಂತಿಲ್ಲ. ನೆಲದ ಮೇಲೆ ದಿಬ್ಬ ಕಟ್ಟಿ ಅದರೊಳಗೆ ಕೂಡಿಸಬೇಕು. ಬೇಸಿಗೆಯಲ್ಲಿ ಅಗೆದು ನೋಡಿದರೆ ಇದು ತಿಳಿಯುವುದಿಲ್ಲ. ಪಕ್ಕದ ಹೊಲದಲ್ಲಿ ಹಳೆಯ ಕಲ್ಲುಬಾವಿಯೊಂದಿದೆ. ಅದರ ಒಳಗೋಡೆಯ ಕಲ್ಲುಗಳ ಮೇಲೆ ಕಾಲುವೆ ಹರಿಯುವ ತಿಂಗಳುಗಳಲ್ಲಿ ನೀರು ನಿಂತ ಬಿಳಿ ಪಟ್ಟೆ ಉಳಿದಿರುತ್ತದೆ. ಹಗ್ಗ ಬಿಟ್ಟು ಅಳೆದರೆ ಆ ಪಟ್ಟೆ ನೆಲದಿಂದ ಒಂದೂವರೆ ಮೀಟರ್ ಕೆಳಗಿತ್ತು. ಬಾವಿಯ ಯಜಮಾನರೂ ಭತ್ತ ಹೊಡೆ ತುಂಬುವ ಹೊತ್ತಿಗೆ ನೀರು ಅಲ್ಲಿಯವರೆಗೆ ಬರುತ್ತದೆ ಎಂದರು. ತೀರ್ಮಾನ ಅಲ್ಲಿಗೆ ಆಯಿತು: ಹಿತ್ತಲಿನ ಗರಸಿನ ಮೇಲೆ ದಿಬ್ಬ. ಆ ಜಾಗ ಬೋರ್‌ವೆಲ್‌ನಿಂದ 20 ಮೀಟರಿಗಿಂತ ಹೆಚ್ಚು ದೂರ ಬೀಳುತ್ತದೆ, ಮನೆಯ ಗೋಡೆಯಿಂದಲೂ 6 ಮೀಟರ್ ಬಿಡುತ್ತದೆ.

ಲೆಕ್ಕ ಮತ್ತು ಮಟ್ಟ

ಮನೆಯಲ್ಲಿ ನಾವೂ ಮೇಲಿನ ಕೋಣೆಯ ಬಾಡಿಗೆಯವರೂ ಸೇರಿ 10 ಜನ ಎಂದು ಹಿಡಿದೆವು. 10 ಜನರಿಗೆ, ಎರಡು ವರ್ಷಕ್ಕೊಮ್ಮೆ ಹೂಳು ತೆಗೆಸುವುದಾದರೆ, ಮಾನಕದ ಅಳತೆ ಉದ್ದ 2 ಮೀಟರ್, ಅಗಲ 90 ಸೆಂಟಿಮೀಟರ್, ನೀರಿನ ಆಳ 1.4 ಮೀಟರ್. ನೀರಿನ ಮೇಲೆ 30 ಸೆಂಟಿಮೀಟರ್ ಖಾಲಿ ಜಾಗ ಬೇರೆ. ಒಟ್ಟು 2,520 ಲೀಟರ್ ಆಗುತ್ತದೆ. 2,000 ಲೀಟರ್ ದಾಟಿದ ತೊಟ್ಟಿಗೆ ಎರಡು ಕೋಣೆ ಬೇಕು, ಮೊದಲನೆಯದು ಎರಡನೆಯದರ ಎರಡರಷ್ಟು. ಅಡ್ಡಗೋಡೆಯ ದಪ್ಪ ಈ ಅಳತೆಯನ್ನು ತಿನ್ನಬಾರದೆಂದು ಅಷ್ಟು ಉದ್ದವನ್ನು ಹೆಚ್ಚಿಗೆ ಕೊಟ್ಟೆವು.

ಹತ್ತು ಅಡಿ ಆಳ ತೆಗೆದರೆ ಹತ್ತು ವರ್ಷ ಅತ್ತ ನೋಡುವ ಕೆಲಸವೇ ಇಲ್ಲ ಎಂಬ ಮಾತು ನಮ್ಮಲ್ಲಿ ಎಲ್ಲರ ಬಾಯಲ್ಲೂ ಇದೆ. ಅಷ್ಟು ವರ್ಷ ಬಿಟ್ಟ ಹೂಳು ಕಲ್ಲಾಗಿ ಕೂತು ಯಂತ್ರದ ಪೈಪಿಗೆ ಬರುವುದಿಲ್ಲ. ಆಗ ಯಾರನ್ನಾದರೂ ಒಳಗೆ ಇಳಿಸುವ ಯೋಚನೆ ಶುರುವಾಗುತ್ತದೆ. ಆಳದ ಗುಂಡಿಯನ್ನು ನಾನು ಒಪ್ಪದಿರುವುದಕ್ಕೆ ಇದೇ ದೊಡ್ಡ ಕಾರಣ.

ಇಂಗುಕಾಲುವೆಯ ಲೆಕ್ಕ ಹೀಗೆ. ಅಳೆದ ನಿಮಿಷಗಳ ವರ್ಗಮೂಲದಿಂದ 204ನ್ನು ಭಾಗಿಸಿದರೆ ಒಂದು ಚದರ ಮೀಟರ್ ತಳ ದಿನಕ್ಕೆ ಎಷ್ಟು ಲೀಟರ್ ತಾಳಿಕೊಳ್ಳುತ್ತದೆ ಎಂಬುದು ಬರುತ್ತದೆ. 40 ನಿಮಿಷಕ್ಕೆ ಅದು 32 ಲೀಟರ್. ಟ್ಯಾಂಕಿಗೆ ಶೌಚಾಲಯದ ನೀರು ಮಾತ್ರ ಬಿಟ್ಟು, ತಲೆಗೆ 40 ಲೀಟರ್ ಎಂದರೆ ದಿನಕ್ಕೆ 400 ಲೀಟರ್. 400ನ್ನು 32ರಿಂದ ಭಾಗಿಸಿದರೆ ಹನ್ನೆರಡೂವರೆ ಚದರ ಮೀಟರ್. ಮುಕ್ಕಾಲು ಮೀಟರ್ ಅಗಲದ, ಎಂಟೂವರೆ ಮೀಟರ್ ಉದ್ದದ ಎರಡು ಕಾಲುವೆಗಳಿಗೆ ಇದು ಸರಿಹೋಗುತ್ತದೆ. ಎರಡರ ನಡುವೆ 1.8 ಮೀಟರ್ ಅಂತರ ಬೇಕು. ಬಚ್ಚಲು ಮತ್ತು ಅಡುಗೆಮನೆಯ ನೀರನ್ನು ಇದಕ್ಕೆ ಸೇರಿಸಿದರೆ ಜಾಗ ಮೂರು ಪಟ್ಟು ಬೇಕಾದೀತು. ಅದನ್ನು ಬೇರೆ ಪೈಪಿನಲ್ಲಿ ಬಾಳೆಯ ಪಾತಿಗಳಿಗೆ ತಿರುಗಿಸಿದೆವು.

ದಿಬ್ಬದ ಕಷ್ಟ ಇರುವುದು ಮಟ್ಟದಲ್ಲಿ. ಪಂಪು ಇಲ್ಲದೆ ನೀರು ತಾನಾಗಿ ದಿಬ್ಬಕ್ಕೆ ಹೋಗಬೇಕೆಂದರೆ ಟ್ಯಾಂಕೇ ನೆಲದಿಂದ ಮೇಲೆ ಏಳಬೇಕು. ಪಾರದರ್ಶಕ ಕೊಳವೆಗೆ ನೀರು ತುಂಬಿ ಹಿತ್ತಲಿನ ನೆಲವನ್ನು ಸೊನ್ನೆ ಎಂದಿಟ್ಟು ಎಲ್ಲ ಎತ್ತರಗಳನ್ನೂ ಗೋಡೆಯ ಮೇಲೆ ಬರೆದುಕೊಂಡೆ. ಶೌಚಾಲಯದ ಪೈಪು ಹೊರಬರುವುದು 55 ಸೆಂಟಿಮೀಟರ್ ಮೇಲೆ. ಟ್ಯಾಂಕಿನವರೆಗಿನ 6 ಮೀಟರಿಗೆ ಐವತ್ತಕ್ಕೊಂದರ ಇಳಿಜಾರು ಕೊಟ್ಟರೆ 12 ಸೆಂಟಿಮೀಟರ್ ಕಳೆಯುತ್ತದೆ, ಹಾಗಾಗಿ ಒಳಬರುವ ಪೈಪು 43ರಲ್ಲಿ. ಹೊರಹೋಗುವ ಪೈಪು ಅದಕ್ಕಿಂತ 5 ಸೆಂಟಿಮೀಟರ್ ಕೆಳಗಿರಬೇಕು, ಅದು 38ರಲ್ಲಿ. ಇಂಗುಕಾಲುವೆಯ ಪೈಪು 30ರಲ್ಲಿ, ಅದರಡಿ 25 ಸೆಂಟಿಮೀಟರ್ ಜಲ್ಲಿ. ಜಲ್ಲಿಯ ತಳ ಹೆಚ್ಚುಕಡಿಮೆ ನೆಲದ ಮಟ್ಟಕ್ಕೆ ಬಂದು ಕೂರುತ್ತದೆ. ಟ್ಯಾಂಕಿನ ಒಳತಳ ನೆಲದಿಂದ ಒಂದು ಮೀಟರ್ ಕೆಳಗೆ ಮಾತ್ರ, ಕಾಲುವೆ ಕಾಲದ ನೀರಿನ ಮಟ್ಟಕ್ಕಿಂತ ಮೇಲೆಯೇ. ಇದರಿಂದ ಇನ್ನೊಂದು ಅನುಕೂಲ: ಹೂಳು ತೆಗೆಸಿ ಖಾಲಿಯಾದ ಟ್ಯಾಂಕನ್ನು ಅಂತರ್ಜಲ ಕೆಳಗಿನಿಂದ ಎತ್ತಿ ಬಿರುಕು ಬಿಡಿಸುವ ಭಯವಿಲ್ಲ. ಟ್ಯಾಂಕ್ ನೆಲದಿಂದ ಎರಡಡಿಗೂ ಮೇಲೆ ಎದ್ದು ನಿಂತು ಕಣ್ಣಿಗೆ ಚೆನ್ನಾಗಿ ಕಾಣುವುದಿಲ್ಲ ಎಂದು ಮನೆಯವರೂ ನೆರೆಯವರೂ ಹೇಳಿದರು. ಮಳೆಯ ನೀರು ಮುಚ್ಚಳದಿಂದ ಒಳಗೆ ಇಳಿಯದಿರುವುದು ನನಗೆ ಅಂದಕ್ಕಿಂತ ಹೆಚ್ಚಿನದು.

ಕಟ್ಟಿದ್ದು

ಅಗೆತ ಬೇಗ ಮುಗಿಯಿತು. ತಳಕ್ಕೆ 15 ಸೆಂಟಿಮೀಟರ್ ಕಬ್ಬಿಣದ ಕಾಂಕ್ರೀಟು ಹಾಕಿ, ಗೋಡೆಯ ಹೊರಗೆ ಒಂದು ಗೇಣು ಚಾಚುವಂತೆ ಬಿಟ್ಟೆವು. ಗೋಡೆ 9 ಇಂಚಿನ ಇಟ್ಟಿಗೆಯದು. ಗಾರೆ ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಮರಳು, ಒಳಗಿನ ಗಿಲಾವು ಒಂದಕ್ಕೆ ಮೂರು. ಗೋಡೆ ಮತ್ತು ತಳ ಕೂಡುವ ಮೂಲೆಗಳನ್ನು ಗುಂಡಗೆ ತಿದ್ದಿಸಿದೆ, ಸೋರಿಕೆ ಶುರುವಾಗುವುದು ಅಲ್ಲಿಂದ. ಗೋಡೆಯ ಹೊರಬದಿಗೆ ಅಗೆದ ಎರೆಯನ್ನೇ ಮರಳಿ ತುಂಬಲು ಬಿಡಲಿಲ್ಲ. ಎರೆ ಮಳೆಗಾಲದಲ್ಲಿ ಉಬ್ಬಿ ಗೋಡೆಯನ್ನು ಒತ್ತುತ್ತದೆ, ಬೇಸಿಗೆಯಲ್ಲಿ ಸರಿದು ಆಸರೆ ತಪ್ಪಿಸುತ್ತದೆ. ಸುತ್ತ ಒಂದು ಗೇಣಿನಷ್ಟು ಗರಸು ತುಂಬಿ ಬಡಿದೆವು. ನಮ್ಮ ಬಿಸಿಲಿಗೆ ಗಿಲಾವು ಮಧ್ಯಾಹ್ನದೊಳಗೆ ಬಿರಿಯುತ್ತದೆ, ಆದ್ದರಿಂದ ಒದ್ದೆ ಗೋಣಿಚೀಲ ಹೊದಿಸಿ ಬೆಳಿಗ್ಗೆ ಸಂಜೆ ನೀರು ಬಿಟ್ಟೆವು.

ಒಳಬರುವ ಪೈಪಿಗೂ ಹೊರಹೋಗುವ ಪೈಪಿಗೂ ಟಿ ಜೋಡಣೆ ಬೇಕೇ ಬೇಕು. ಟಿಯ ಕೆಳಗಿನ ಕಾಲು ನೀರಿನೊಳಗೆ ಒಂದಡಿ ಮುಳುಗಿದ್ದರೆ ಬಂದದ್ದು ಮೇಲಿನ ಜಿಡ್ಡನ್ನು ಕಲಕದೆ ಕೆಳಗೆ ಇಳಿಯುತ್ತದೆ, ಹೋಗುವುದು ಜಿಡ್ಡನ್ನು ಬಿಟ್ಟು ನಡುವಿನ ತಿಳಿಯನ್ನೇ ಒಯ್ಯುತ್ತದೆ. ಹೊರಹೋಗುವ ಕಡೆ ಬರೀ ಪೈಪು ಚುಚ್ಚಿ ಬಿಡುವುದು ರೂಢಿ. ಹಾಗೆ ಬಿಟ್ಟ ಕಡೆ ಜಿಡ್ಡು ನೇರವಾಗಿ ಹೋಗಿ ಇಂಗುವ ಮಣ್ಣಿನ ರಂಧ್ರಗಳನ್ನು ಮುಚ್ಚುತ್ತದೆ. ಮುಚ್ಚಿದ ಮಣ್ಣನ್ನು ಮತ್ತೆ ತೆರೆಸುವ ಉಪಾಯವಿಲ್ಲ. ಅಡ್ಡಗೋಡೆಯ ಕಿಂಡಿಗಳನ್ನು ನೀರಿನ ನಡುಮಟ್ಟದಲ್ಲಿ ಬಿಟ್ಟಿದ್ದೂ ಇದೇ ಕಾರಣಕ್ಕೆ.

ಮೇಲ್ಚಾವಣಿಗೆ ಎರಡು ಬಾಯಿ, ಕೋಣೆಗೊಂದು. ಅಳತೆ 455ಕ್ಕೆ 610 ಮಿಲಿಮೀಟರ್, ಮುಚ್ಚಳ ಕಾಂಕ್ರೀಟಿನದು, ಮಕ್ಕಳು ಎತ್ತಲಾರದಷ್ಟು ತೂಕದ್ದು. ಗಾಳಿಕೊಳವೆ ಮನೆಯಿಂದ 15 ಮೀಟರಿನೊಳಗೆ ಇರುವುದರಿಂದ ಮಾಳಿಗೆಯ ಮೇಲೆ 2 ಮೀಟರ್ ಏರಬೇಕು. ಗೋಡೆಗೆ ಕಟ್ಟಿ ಏರಿಸಿ ತುದಿಗೆ ಸೊಳ್ಳೆ ಜಾಲರಿ ಬಿಗಿದೆವು. ಜಾಲರಿ ಇಲ್ಲದ ಗಾಳಿಕೊಳವೆ ಊರಿಗೇ ಸೊಳ್ಳೆ ಸಾಕಿದಂತೆ.

ಮಣ್ಣು ಮುಚ್ಚುವ ಮೊದಲು ಹೊರಪೈಪಿನ ಮಟ್ಟಕ್ಕೆ ನೀರು ತುಂಬಿ ಗೋಡೆಯ ಮೇಲೆ ಸೀಸದಕಡ್ಡಿಯ ಗೆರೆ ಎಳೆದೆ. ಮೊದಲ ದಿನ ಇಟ್ಟಿಗೆ ತಾನೇ ನೀರು ಕುಡಿಯುತ್ತದೆ, ಆ ಇಳಿತ ಲೆಕ್ಕಕ್ಕಿಲ್ಲ. ಮರುದಿನ ಮತ್ತೆ ಗೆರೆಗೆ ತುಂಬಿ 24 ಗಂಟೆ ಬಿಟ್ಟು ನೋಡಿದಾಗ ನೀರು ಗೆರೆಯಲ್ಲೇ ನಿಂತಿತ್ತು. ಮೇಸ್ತ್ರಿ ತಮ್ಮ ಹುಡುಗರನ್ನೆಲ್ಲ ಕರೆದು ಆ ಗೆರೆ ತೋರಿಸಿದರು. ಕೆಲಸದ ಮೇಲೆ ಇಷ್ಟು ಅಭಿಮಾನ ಇರುವವರಿಗೆ ಎರಡನೆಯ ಭಾಗದ ಕೋಷ್ಟಕವನ್ನೂ ಯಾರಾದರೂ ಕನ್ನಡದಲ್ಲಿ ಕೈಗೆ ಕೊಟ್ಟಿದ್ದರೆ ಊರಿನ ಅರ್ಧ ಬೋರ್‌ವೆಲ್‌ಗಳು ಉಳಿಯುತ್ತಿದ್ದವು ಎಂದು ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ದಿಬ್ಬಕ್ಕೆ ಮೊದಲು ಗರಸಿನ ಮೇಲ್ಮೈಯನ್ನು ಹಾರೆಯಿಂದ ಒರಟು ಮಾಡಿಸಿದೆವು. ಟ್ರ್ಯಾಕ್ಟರನ್ನು ಅದರ ಮೇಲೆ ಹತ್ತಿಸಲಿಲ್ಲ, ಚಕ್ರ ತುಳಿದ ನೆಲ ನೀರು ಕುಡಿಯುವುದನ್ನೇ ಮರೆಯುತ್ತದೆ. ಜಲ್ಲಿಯನ್ನು ತೊಳೆದು ಹಾಕಿದೆವು, ಧೂಳು ಹೋಗದಿದ್ದರೆ ಅದೇ ತಳ ಮುಚ್ಚುತ್ತದೆ. 110 ಮಿಲಿಮೀಟರ್ ಪೈಪಿನ ಕೆಳಮಗ್ಗುಲಿಗೆ ರಂಧ್ರ ಕೊರೆದು, ಟ್ಯಾಂಕಿನಿಂದ ಬರುವ ನೀರು ಎರಡು ಕಾಲುವೆಗಳಿಗೂ ಸಮನಾಗಿ ಹೋಗುವಂತೆ ನಡುವೆ ಒಂದು ಹಂಚುಪೆಟ್ಟಿಗೆ ಕಟ್ಟಿದೆವು. ಜಲ್ಲಿಯ ಮೇಲೆ ಭತ್ತದ ಹುಲ್ಲನ್ನು ದಪ್ಪಗೆ ಹಾಸಿ ಅದರ ಮೇಲೆ ಮಣ್ಣು ಏರಿಸಿದ್ದು. ಹುಲ್ಲು ಕೊಳೆಯುವ ಹೊತ್ತಿಗೆ ಮೇಲಿನ ಮಣ್ಣು ಕೂತಿರುತ್ತದೆ, ಜಲ್ಲಿಯ ಸಂದಿಗೆ ಇಳಿಯುವುದಿಲ್ಲ. ಗರಸಿನ ಕೆಳಗೆ ಇರುವುದು ಎರೆಯೇ ಆದ್ದರಿಂದ ನೀರು ಅಗಲಕ್ಕೆ ಹರಡಬೇಕು, ಗಿಡಗಳೂ ಹೀರಬೇಕು. ದಿಬ್ಬದ ಇಳಿಜಾರಿಗೆ ಕಾಬಾಳೆ, ಮೇಲೆ ಗರಿಕೆ. ತೆಂಗು ಬೇಡ, ಬೇರು ಪೈಪಿಗೆ ನುಗ್ಗುತ್ತದೆ.

ಗರಸಿನ ಹಿತ್ತಲು ಇಲ್ಲದ, ಬರೀ ಎರೆಯ ಮೇಲೆ ಕೂತ ಮನೆಗಳಿಗೆ ದಾರಿ ಇಲ್ಲವೆಂದಲ್ಲ. ಟ್ಯಾಂಕಿನ ಪಕ್ಕದಲ್ಲಿಯೇ 20 ಮಿಲಿಮೀಟರ್ ಜಲ್ಲಿ ತುಂಬಿದ ಇನ್ನೊಂದು ಕೋಣೆ ಕಟ್ಟಿ, ನೀರು ಅದರ ತಳದಿಂದ ಮೇಲಕ್ಕೆ ಏರುವಂತೆ ಮಾಡಬೇಕು. ತಲೆಗೆ 40ರಿಂದ 50 ಲೀಟರ್ ಲೆಕ್ಕದಲ್ಲಿ 10 ಜನಕ್ಕೆ ಅರ್ಧ ಘನ ಮೀಟರ್ ಸಾಕು. ಅಲ್ಲಿಂದ ಬಂದ ನೀರನ್ನು ಹೂಗಿಡ, ಮೇವಿನ ಹುಲ್ಲಿಗೆ ಮಣ್ಣಿನಡಿಯಿಂದ ಕೊಡಬಹುದು. ಸೊಪ್ಪು, ಮೂಲಂಗಿಗೆ ಕೊಡಬಾರದು.

ಹಳೆಯ ಗುಂಡಿ

ಹಳೆಯ ರಿಂಗಿನ ಗುಂಡಿಯನ್ನು ಖಾಲಿ ಮಾಡಿಸುವಾಗ ಒಬ್ಬರು ಬಂದು, 'ಯಂತ್ರ ಯಾಕೆ, ಇಬ್ಬರನ್ನು ಕಳಿಸುತ್ತೇನೆ, ಅರ್ಧ ದುಡ್ಡಿಗೆ ಆಗುತ್ತದೆ' ಎಂದರು. ಈ ಮಾತು ಇಂದಿಗೂ ಇಷ್ಟು ಸಲೀಸಾಗಿ ಬರುತ್ತದೆ. ಬಿ. ಬಸವಲಿಂಗಪ್ಪನವರು ದೇವರಾಜ ಅರಸು ಸರ್ಕಾರದಲ್ಲಿ ಪೌರಾಡಳಿತ ಸಚಿವರಾಗಿದ್ದಾಗ ತಲೆಯ ಮೇಲೆ ಮಲ ಹೊರುವುದನ್ನು ಈ ರಾಜ್ಯದಲ್ಲಿ ನಿಷೇಧಿಸಿ ಅರ್ಧ ಶತಮಾನ ಕಳೆದಿದೆ. ಮಲ ಹೊರುವ ಕೆಲಸಕ್ಕೆ ಜನರನ್ನು ಹಚ್ಚುವುದನ್ನು ನಿಷೇಧಿಸುವ 2013ರ ಕೇಂದ್ರ ಕಾಯ್ದೆಯ 7ನೇ ಕಲಮಿನ ಪ್ರಕಾರ ಯಾವ ವ್ಯಕ್ತಿಯೂ, ಅಂದರೆ ಮನೆಯ ಯಜಮಾನನೂ, ಸೆಪ್ಟಿಕ್ ಟ್ಯಾಂಕಿನ ಅಪಾಯಕಾರಿ ಶುಚಿಗೆ ಇನ್ನೊಬ್ಬರನ್ನು ನೇರವಾಗಿಯೋ ಮಧ್ಯವರ್ತಿಯ ಮೂಲಕವೋ ನೇಮಿಸುವಂತಿಲ್ಲ. ಮೊದಲ ಸಲಕ್ಕೆ ಎರಡು ವರ್ಷದವರೆಗೆ ಸೆರೆ ಅಥವಾ 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಚರಂಡಿ ಶುಚಿಗೆ ಇಳಿದು ಸತ್ತವರ ಪರಿಹಾರವನ್ನು 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿತು. ಗುಂಡಿಯೊಳಗಿನ ಹೈಡ್ರೋಜನ್ ಸಲ್ಫೈಡ್ ಮೊದಲು ಕೊಳೆತ ಮೊಟ್ಟೆಯಂತೆ ನಾರುತ್ತದೆ, ದಟ್ಟವಾದಾಗ ಮೂಗಿನ ಶಕ್ತಿಯನ್ನೇ ಕೊಲ್ಲುತ್ತದೆ. ವಾಸನೆ ಹೋಯಿತು ಎಂದು ನಂಬಿ ಇಳಿದವರು ಮೇಲೆ ಬರುವುದಿಲ್ಲ. ಅವರನ್ನು ಎತ್ತಲು ಇಳಿದವರೂ ಹಾಗೆಯೇ. ಯಾರನ್ನೂ ಇಳಿಸುವುದಿಲ್ಲ ಎಂದು ಆ ಮನುಷ್ಯನಿಗೆ ಹೇಳಿ ಕಳಿಸಿದೆ.

ಸಕ್ಕಿಂಗ್ ಯಂತ್ರದವರಿಗೆ ನನ್ನ ಪ್ರಶ್ನೆ ಒಂದೇ: ಒಯ್ದದ್ದನ್ನು ಎಲ್ಲಿ ಸುರಿಯುತ್ತೀರಿ? ಕಾಲುವೆಯ ದಂಡೆ, ಹಳ್ಳ ಎಂಬ ಉತ್ತರ ಬಂದರೆ ಆ ವಾಹನ ಬೇಡ. ಕೊಳಚೆ ನೀರು ಶುದ್ಧೀಕರಣ ಘಟಕಕ್ಕೆ ಒಯ್ಯುತ್ತೇವೆ ಎಂದು ಬರೆದುಕೊಟ್ಟವರನ್ನೇ ಕರೆಸಿದೆ. ಪಟ್ಟಣದವರು ಈ ಕೆಲಸಕ್ಕೆ ಸಹಾಯವಾಣಿ 14420ಕ್ಕೆ ಕರೆ ಮಾಡಬಹುದು. ಖಾಲಿಯಾದ ಗುಂಡಿಗೆ ಮೇಲಿನಿಂದಲೇ ಸುಣ್ಣ ಸುರಿದು, ಗರಸು ತುಂಬಿ, ಮೇಲಿನ ರಿಂಗನ್ನು ಒಡೆದು ಮುಚ್ಚಿದೆವು. ಚರಂಡಿಗೆ ಬಿಟ್ಟಿದ್ದ ಪೈಪನ್ನು ಕಿತ್ತು ಬಾಯಿಗೆ ಕಾಂಕ್ರೀಟು ಮೆತ್ತಿದೆವು.

ಹೊಸ ಟ್ಯಾಂಕಿಗೆ ನೀರು ತುಂಬಿಯೇ ಇತ್ತು. ಅದಕ್ಕೆ ಹಳೆಯ ತಿಪ್ಪೆಯ ಕಳಿತ ಸಗಣಿಯನ್ನು ಒಂದೆರಡು ಬುಟ್ಟಿ ಕಲಸಿ ಹಾಕಿದೆವು. ಕೊಳೆಸುವ ಬ್ಯಾಕ್ಟೀರಿಯಾ ನೆಲೆಗೊಳ್ಳಲು ಮಾನಕವೇ ಹೇಳುವ ಉಪಾಯ ಇದು. ಆಸಿಡ್ ಮತ್ತು ಫಿನಾಯಿಲ್ ಸುರಿಯುವುದನ್ನು ನಿಲ್ಲಿಸಿದ್ದೇವೆ, ಶೌಚಾಲಯಕ್ಕೆ ಬ್ರಷ್ಷು ಮತ್ತು ಸೋಪಿನಪುಡಿ ಸಾಕು. ಹೂಳನ್ನು ಅಳೆಯಲು ಉದ್ದನೆಯ ಬಿದಿರಿಗೆ ಹಳೆಯ ಬಿಳಿ ಪಂಚೆ ಸುತ್ತಿ ತಳ ಮುಟ್ಟಿಸಿ ಸ್ವಲ್ಪ ಹೊತ್ತು ಬಿಟ್ಟು ಎಳೆದರೆ, ಕಪ್ಪು ಅಂಟಿದಷ್ಟು ಎತ್ತರ ಹೂಳು. ಹೂಳು ಮತ್ತು ಮೇಲಿನ ಜಿಡ್ಡು ಸೇರಿ ಅರ್ಧ ಆಳ ದಾಟುವ ಮೊದಲು ಯಂತ್ರ ಕರೆಸಬೇಕು.

ಮಣ್ಣಿನ ಅಳತೆ, ಬಾವಿಯ ದೂರ, ನೀರಿನ ಮಟ್ಟ, ಟ್ಯಾಂಕಿನ ಅಡ್ಡಕೊಯ್ತ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಪಂಚಾಯಿತಿಗೆ ಕೊಟ್ಟು ಮನೆಯ ಕಡತಕ್ಕೆ ಸೇರಿಸಲು ಕೇಳಿಕೊಂಡಿದ್ದೇನೆ. ಕಟ್ಟಡದ ಅರ್ಜಿಯಲ್ಲಿ ಎರಡು ಸಾಲು ಸೇರಿಸಿ ಎಂದೂ ಮನವಿ ಬರೆದಿದ್ದೇನೆ: ನೆನೆಸಿದ ಮಣ್ಣಿನಲ್ಲಿ 25 ಮಿಲಿಮೀಟರ್ ನೀರು ಇಂಗಲು ತೆಗೆದುಕೊಂಡ ನಿಮಿಷ ಎಷ್ಟು, ತನ್ನ ಮತ್ತು ನೆರೆಯವರ ಬಾವಿ ಅಥವಾ ಬೋರ್‌ವೆಲ್‌ಗೆ ದೂರ ಎಷ್ಟು. ಇವೆರಡನ್ನು ಬರೆಯಬೇಕಾದರೆ ಯಾರಾದರೂ ಕುಣಿ ತೋಡಿ ನೀರು ಸುರಿಯಲೇಬೇಕು, ಟೇಪು ಹಿಡಿಯಲೇಬೇಕು. ಮನವಿ ಮುಂದಿನ ಸಾಮಾನ್ಯ ಸಭೆಯ ವಿಷಯಪಟ್ಟಿಗೆ ಬಂದಿದೆ.

ಬೋರ್‌ವೆಲ್‌ಗೆ ಬ್ಲೀಚಿಂಗ್ ಪೌಡರ್ ಹಾಕಿ ನೀರು ಎತ್ತಿ ಚೆಲ್ಲಿದ್ದೇವೆ. ಅನಂತರದ ಸೀಸೆ ಕಪ್ಪಾಗಲಿಲ್ಲ. ಆದರೆ ನೆಲದಲ್ಲಿ ಇಷ್ಟು ವರ್ಷ ಸೇರಿದ ನೈಟ್ರೇಟ್ ಕ್ಲೋರಿನ್‌ಗೆ ಜಗ್ಗುವಂಥದ್ದಲ್ಲ. ಕಾಲುವೆ ಬಿಟ್ಟು ನೆಲ ನೀರುಂಡ ಮೇಲೆ ಒಮ್ಮೆ, ಮುಂದಿನ ಬೇಸಿಗೆಯಲ್ಲಿ ಇನ್ನೊಮ್ಮೆ ಜಿಲ್ಲಾ ಪ್ರಯೋಗಾಲಯಕ್ಕೆ ಮಾದರಿ ಕಳಿಸುತ್ತೇವೆ. ಎರಡೂ ವರದಿ 45ರ ಒಳಗೆ ಬರುವವರೆಗೆ ಕುಡಿಯುವ ನೀರನ್ನು ಊರಿನ ಶುದ್ಧ ನೀರಿನ ಘಟಕದಿಂದಲೇ ತರುತ್ತೇವೆ.